ಬರಿಯ ತಗಡಿನ ಮೇಲೆ ಮೂರು ಗೆರೆ

ಕಂತು ೭

“ಕೈ ತೆಗೀರಿ! ಮುಟ್ಬೇಡಿ ಅದನ್ನ!”

ನಾನು ಕಿರುಚಿದ ರಭಸಕ್ಕೆ ಸಬ್ ಇನ್ಸ್‌ಪೆಕ್ಟರ್ ಸಾಗರ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಅವರ ತೋರುಬೆರಳು ಹಳೇ ಪಿಕಪ್ಪಿನ ಬಾನೆಟ್ಟಿಗೆ ಇನ್ನೊಂದು ಅಂಗುಲ ದೂರದಲ್ಲಿತ್ತು.

“ಏನ್ ಸಾರ್ ನೀವು, ಎದೆ ಹೊಡ್ಕೊಂಡ್‌ಬುಡ್ತು. ತುಕ್ಕು ಕಣ್ರೀ ಅದು. ಹಳೇ ಗಾಡಿ, ತುಕ್ಕಿರಲ್ವಾ?”

ಮೂವತ್ತೊಂದು ವರ್ಷ ಬ್ರೇಕ್ ಇನ್ಸ್‌ಪೆಕ್ಟರ್ ಆಗಿ, ಸಾವಿರಾರು ಗಾಡಿಗಳ ಹೊಟ್ಟೆಯ ಕೆಳಗೆ ನುಸುಳಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ನಿವೃತ್ತನಾದ ಚಿಕ್ಕಬಸವಯ್ಯ ನಾನು. ನನಗೆ ತುಕ್ಕಿನ ಪಾಠ! ಸಿಟ್ಟು ನೆತ್ತಿಗೇರಿತು. ಆದರೆ ಗಡಿಯಾರ ನೋಡಿಕೊಂಡು ನುಂಗಿದೆ.

“ಗಾಡಿ ಐವತ್ತಾರನೇ ಇಸ್ವಿದು, ಒಪ್ಪಿದೆ. ಈ ತಗಡು ಮೊನ್ನೆ ಶನಿವಾರದ್ದು ಕಣ್ರೀ. ಹೊಸ ತಗಡಿಗೆ ಎರಡು ದಿನದಲ್ಲಿ ತುಕ್ಕು ಯಾಕೆ ಬಂತು? ಬಂದಿದ್ದಾದ್ರೂ ಮೂರೇ ಮೂರು ಗೆರೆ ಯಾಕೆ?”

ಸಾಗರ್ ಬಾಯಿ ಮುಚ್ಚಿಕೊಂಡು ಬಗ್ಗಿ ನೋಡಿದರು. ಮೊದಲೇ ಹಾಗೆ ಮಾಡಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು.

ನಡೆದದ್ದು ಇಷ್ಟು. ಭಾನುವಾರ ಬೆಳಿಗ್ಗೆ, ಉದಯಗಿರಿಯ ಈ ಟಿಂಕರಿಂಗ್ ಶೆಡ್ಡಿನಲ್ಲಿ, ಇದೇ ಪಿಕಪ್ಪಿನ ಕೆಳಗೆ, ಅದರ ಮಾಲೀಕ ಸಿದ್ದಲಿಂಗಸ್ವಾಮಿ ಹೆಣವಾಗಿ ಸಿಕ್ಕಿದ್ದರು. ಜಾಕ್ ಜಾರಿ ಗಾಡಿ ಅವರ ಎದೆಯ ಮೇಲೆ ಕೂತಿತ್ತು. ಶೆಡ್ಡಿಗೆ ಬೀಗ ಹಾಕಿತ್ತು. ಬೀಗಕ್ಕೆ ಒಂದೇ ಕೀಲಿಕೈ, ಅದು ಟಿಂಕರ್ ಬೀರಯ್ಯನ ಉಡಿದಾರದಲ್ಲಿ. ಪೊಲೀಸರಿಗೆ ಇನ್ನೇನು ಬೇಕು? ಬೀರಯ್ಯನನ್ನು ಎಳೆದುಕೊಂಡು ಹೋದರು. ಇವತ್ತು ಸೋಮವಾರ. ಮೂರು ಗಂಟೆಗೆ ಅವನನ್ನು ಕೋರ್ಟಿನ ಮುಂದೆ ನಿಲ್ಲಿಸುತ್ತಾರೆ. ಕೊಲೆ ಕೇಸು ಒಮ್ಮೆ ಅಂಟಿಕೊಂಡರೆ ಬಿಡಿಸುವುದಕ್ಕೆ ವರ್ಷಗಳು ಬೇಕು. ಈಗಾಗಲೇ ಗಂಟೆ ಹತ್ತೂವರೆ.

ಶೆಡ್ಡಿನ ಗೇಟಿನ ಪಕ್ಕ, ಮಗುಚಿ ಹಾಕಿದ ಟೈರಿನ ಮೇಲೆ ಬೀರಯ್ಯನ ಹೆಂಡತಿ ಶಿವನಂಜಮ್ಮ ಕೂತಿದ್ದಳು. ಬೆಳಿಗ್ಗೆ ನಮ್ಮ ಮನೆಗೆ ಓಡಿಬಂದಿದ್ದಳು. “ಶನಿವಾರ ಆರೂವರೆಗೆಲ್ಲ ಮನೆಗೆ ಬಂದ್‌ಬುಟ್ಟಿದ್ರು ಸಾಮಿ. ಉಂಡು ಮಲಗಿದ್ರು. ಹೊರಗೆ ಕಾಲಿಟ್ಟಿಲ್ಲ” ಅಂದಿದ್ದಳು. ಮೂರು ಗಂಟೆಯೊಳಗೆ ಗಂಡನನ್ನು ಮನೆಗೆ ಕಳಿಸುತ್ತೇನೆ ಎಂದು ನಾನು ಮಾತು ಕೊಟ್ಟೆ. ಹಾಗೆ ಮಾತು ಕೊಡಬಾರದು. ಆದರೆ ಅವಳ ಮುಖ ನೋಡಿ ಕೊಟ್ಟುಬಿಟ್ಟೆ.

ಬೀರಯ್ಯನನ್ನು ನಾನು ಇಪ್ಪತ್ತು ವರ್ಷದಿಂದ ಬಲ್ಲೆ. ಎಫ್‌ಸಿಗೆ, ಅಂದರೆ ರಸ್ತೆಗೆ ಯೋಗ್ಯ ಎಂಬ ಸರ್ಟಿಫಿಕೇಟಿಗೆ, ಬರುವ ಗಾಡಿಗಳ ತೂತಿಗೆ ಗೋಣಿ ತುರುಕಿ, ಡಾಂಬರು ಮೆತ್ತಿ, ಮೇಲೆ ಪುಟ್ಟಿ ಬಳಿದು, ಪಳಪಳ ಪೇಂಟು ಹೊಡೆದು ನನ್ನ ಕಣ್ಣಿಗೆ ಮಣ್ಣೆರಚುವ ಟಿಂಕರ್‌ಗಳು ಎಷ್ಟೋ ಮಂದಿ ಇದ್ದರು. ನಾನು ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಉದ್ದಕ್ಕೂ ತಟ್ಟುತ್ತಾ ಹೋಗುತ್ತಿದ್ದೆ. ಗಟ್ಟಿ ತಗಡು ಟಣ್ ಅನ್ನುತ್ತದೆ, ಪುಟ್ಟಿ ಇದ್ದ ಕಡೆ ಬರೀ ದಬ್. ಬೀರಯ್ಯ ಮಾಡಿದ ಗಾಡಿಯಲ್ಲಿ ಆ ದಬ್ ಅನ್ನೋ ಸದ್ದು ನಾನು ಒಮ್ಮೆಯೂ ಕೇಳಲಿಲ್ಲ. “ಕೊಳೆತಿದ್ದನ್ನ ಕತ್ತರಿಸಿ ಬಿಸಾಕ್ಬೇಕು ಸಾರ್. ಮುಚ್ಚಿಟ್ರೆ ಒಳಗೊಳಗೇ ತಿಂತದೆ” ಅನ್ನುತ್ತಿದ್ದ.

ಸಿದ್ದಲಿಂಗಸ್ವಾಮಿಯ ಜೊತೆ ಅವನಿಗೆ ಜಗಳ ಆದದ್ದೂ ಅದಕ್ಕೇ. ಈ ಪಿಕಪ್ ಹಿನಕಲ್ಲಿನ ತೋಟದಲ್ಲಿ ಮುರುಕು ಶೀಟಿನ ಕೆಳಗೆ ಹನ್ನೆರಡು ವರ್ಷ ನೆನೆದಿತ್ತು. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳಲ್ಲಿ ಮಣ್ಣು ಕಟ್ಟಿ, ಒಳಗೆ ನಿಂತ ನೀರು ತಗಡನ್ನು ಜರಡಿ ಮಾಡಿತ್ತು. ಪುಟ್ಟಿ ಹಚ್ಚಿ ದೀಪಾವಳಿಗೆ ಕೊಟ್ಟುಬಿಡು ಎಂದು ಸಿದ್ದಲಿಂಗಸ್ವಾಮಿ ಹಟ ಹಿಡಿದಿದ್ದರು. ಪುಟ್ಟಿ ಬಳಿಯೋ ಕೈ ಬೇರೆ ಕಡೆ ಹುಡುಕಿಕೊಳ್ಳಿ ಎಂದು ಬೀರಯ್ಯ ಕೂಗಾಡಿದ್ದ. ಬುಧವಾರದ ಆ ಕೂಗಾಟವನ್ನು ಇಡೀ ಬೀದಿಯೇ ಕೇಳಿತ್ತು. ಪೊಲೀಸರ ಪ್ರಕಾರ ಕೊಲೆಗೆ ಕಾರಣ ಅದೇ.

“ನಿನ್ನೆ ತೆಗೆಸಿದ ಫೋಟೋ ಕೊಡಿ” ಅಂದೆ.

ಸಾಗರ್ ಕವರಿನಿಂದ ಫೋಟೋ ತೆಗೆದರು. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಯದು. ಬಾನೆಟ್ಟಿನ ಮೂತಿಗೆ ಬೆಸೆದ ಹೊಸ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಗೆರೆಯೂ ಕಾಣಲಿಲ್ಲ.

ಶನಿವಾರ ಸಂಜೆ ಏನು ಮಾಡಿದೆ ಎಂದು ಬೀರಯ್ಯ ಲಾಕಪ್ಪಿನ ಕಂಬಿ ಹಿಡಿದು ನನಗೆ ಹೇಳಿದ್ದ. ಕೊಳೆತ ಮೂತಿ ಕತ್ತರಿಸಿ, ಹೊಸ ತಗಡು ಗ್ಯಾಸ್ ವೆಲ್ಡಿಂಗ್ ಮಾಡಿ, ಎಮರಿ ಕಾಗದದಲ್ಲಿ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿದ. ಅವತ್ತೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯಬೇಕಿತ್ತು, ಡಬ್ಬ ಖಾಲಿಯಾಗಿತ್ತು. ಒಂದು ರಾತ್ರಿ ಬರಿಯ ತಗಡನ್ನು ಹಾಗೇ ಬಿಡುವುದೆಂದು ತೀರ್ಮಾನಿಸಿದ. ಗಾಡಿಯನ್ನು ಜಾಕಿನಿಂದ ಇಳಿಸಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಆರು ಗಂಟೆಗೆ ಬೀಗ ಹಾಕಿ ಮನೆಗೆ ಹೋದ.

ಮುಂಭಾಗದ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ‘ಮುಟ್ಟಬೇಡಿ’ ಅಂತ ಅವನೇ ಬರೆದಿದ್ದ. ಬರಿಯ ತಗಡಿಗೆ ಕೈ ಸೋಕಿದರೆ ಬೆವರಿನ ಉಪ್ಪು ಅಂಟುತ್ತದೆ. ವಾರದಿಂದ ಜಿಡಿಮಳೆ ಬೇರೆ. ಒಂದೆರಡು ದಿನದಲ್ಲಿ ಬೆರಳಿಟ್ಟ ಕಡೆಯೆಲ್ಲ ಕಂದು ಗುರುತು ಏಳುತ್ತದೆ.

ನಾನು ಭೂತಗನ್ನಡಿ ಹಿಡಿದು ಬಗ್ಗಿದೆ. ಮೂರು ಅಡ್ಡಗೆರೆ. ಮೇಲಿನವೆರಡೂ ಒಂದೊಂದು ಗೇಣುದ್ದ, ನೇರ. ಕೆಳಗಿನದು ಅಲ್ಲಲ್ಲಿ ಕಡಿದು, ಅರ್ಧಕ್ಕೇ ನಿಂತಿತ್ತು. ತಗಡಿನ ಉಳಿದ ಭಾಗದಲ್ಲೆಲ್ಲ ತೆಳುವಾದ ಕಂದು ಮಂಜು ಹರಡಿದ್ದರೆ, ಗೆರೆಗಳ ಸುತ್ತ ಅಂಗೈಯಗಲ ಜಾಗ ಮಾತ್ರ ಇನ್ನೂ ಹೊಳೆಯುತ್ತಿತ್ತು. ಮೂಗನ್ನು ಹತ್ತಿರ ಒಯ್ದೆ. ವಾಸನೆ ಕ್ಷೀಣವಾಗಿತ್ತು, ಆದರೆ ನಮ್ಮಜ್ಜಿ ಪ್ರತಿ ಶನಿವಾರ ನನ್ನ ತಲೆಗೆ ಮೆತ್ತುತ್ತಿದ್ದ ಆ ವಾಸನೆಯನ್ನು ನಾನು ಮರೆಯುವುದುಂಟೆ?

“ಹರಳೆಣ್ಣೆ” ಅಂದೆ.

“ಎಣ್ಣೆ ಯಾಕೆ ಸಾರ್ ಬಂತು?”

“ಕೇಳಿ. ಯಾರೋ ವಿಭೂತೀನ ನೀರಲ್ಲಿ ಕಲೆಸಿ ಮೂರು ಬೆರಳಲ್ಲಿ ಇಲ್ಲಿ ಎಳೆದಿದ್ದಾರೆ. ಆ ಒದ್ದೆ ರಾತ್ರಿಯೆಲ್ಲ ಕೂತು ತಗಡನ್ನ ಕಚ್ಚಿದೆ. ಬೆಳಿಗ್ಗೆ ಇನ್ಯಾರೋ ಎಣ್ಣೆ ಬಟ್ಟೇಲಿ ಒರೆಸಿದ್ದಾರೆ. ಬೂದಿ ಹೋಯ್ತು. ಕಚ್ಚಿದ್ದು ಹೋಗಲಿಲ್ಲ, ಒಳಗಿಂದ ಮೇಲಕ್ಕೆ ಬಂತು. ನಿಮ್ಮ ಫೋಟೋ ತೆಗೆದಾಗ ಕಾಣಿಸದೇ ಇದ್ದಿದ್ದು ಇವತ್ತು ಕಾಣ್ತಿದೆ.”

“ಬೀರಯ್ಯನೇ ಒರೆಸಿರಬಹುದಲ್ವಾ?”

“ಎಣ್ಣೆ ಮುಟ್ಟಿದ ತಗಡಿಗೆ ರೆಡ್ ಆಕ್ಸೈಡ್ ಹಿಡಿಯಲ್ಲ ಕಣ್ರೀ, ಸಿಪ್ಪೆ ಏಳುತ್ತೆ. ಟಿಂಕರ್ ಆದವನು ನಿದ್ದೆಗಣ್ಣಲ್ಲೂ ಬರೀ ತಗಡಿಗೆ ಎಣ್ಣೆ ಸೋಕಿಸಲ್ಲ.”

“ಸರಿ. ಬೀಗ? ವಿಭೂತಿ ಹಚ್ಚಿದೋರು ಒಳಗೆ ಎಂಗ್ ಬಂದ್ರು?”

ಹುಡುಗ ದಡ್ಡನಲ್ಲ. ಆದರೆ ನನ್ನ ತಲೆ ಆಗಲೇ ಹರಳೆಣ್ಣೆಯ ಹಿಂದೆ ಓಡಿತ್ತು. “ಬೀಗದ ಮಾತು ಆಮೇಲೆ” ಎಂದು ಅವರ ಬಾಯಿ ಮುಚ್ಚಿಸಿದೆ.

ಭಾನುವಾರ ಬೀಗ ತೆಗೆದಾಗ ಇದ್ದವರು ಇಬ್ಬರೇ. ಅಣ್ಣ ಮನೆಗೆ ಬಂದಿಲ್ಲವೆಂದು ಹುಡುಕುತ್ತಾ ಬೀರಯ್ಯನ ಮನೆಗೆ ಬಂದ ಸಿದ್ದಲಿಂಗಸ್ವಾಮಿಯ ತಮ್ಮ ರುದ್ರಸ್ವಾಮಿ, ಮತ್ತು ಬೀರಯ್ಯ. ಹೆಣ ನೋಡಿದ ಕೂಡಲೇ ಬೀರಯ್ಯ ಪೊಲೀಸರಿಗೆ ಹೇಳಲು ಎಸ್‌ಟಿಡಿ ಬೂತಿಗೆ ಓಡಿದ. ಹತ್ತು ನಿಮಿಷ ಶೆಡ್ಡಿನಲ್ಲಿ ರುದ್ರಸ್ವಾಮಿ ಒಬ್ಬನೇ ಇದ್ದ. ಅವರ ಮನೆತನದ್ದು ಅಗ್ರಹಾರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಕುಡುಗೋಲು, ಮಚ್ಚು, ಗುದ್ದಲಿ, ಈಳಿಗೆಮಣೆ. ಆ ಅಂಗಡಿಯ ಮುಂದೆ ಹಾದುಹೋದ ಯಾರಿಗಾದರೂ, ತುಕ್ಕು ಹಿಡಿಯದಂತೆ ಅವಕ್ಕೆ ಸವರುವ ಹರಳೆಣ್ಣೆಯ ವಾಸನೆ ಗೊತ್ತು.

ಜೀಪು ಹತ್ತುವಾಗ ಶಿವನಂಜಮ್ಮ ನನ್ನ ತೋಳು ಹಿಡಿದಳು. “ನಾನೂ ಬತ್ತೀನಿ ಸಾಮಿ.” ಬೇಡ ಅನ್ನಲು ಮನಸ್ಸಾಗಲಿಲ್ಲ.

ಅಂಗಡಿಯ ನಾಲ್ಕು ಹಲಗೆಗಳಲ್ಲಿ ಒಂದನ್ನು ಮಾತ್ರ ತೆಗೆದಿದ್ದರು. ಹಿಂದಿನ ಸಂಜೆಯಷ್ಟೇ ಮಣ್ಣು ಮಾಡಿ ಬಂದ ಮನೆ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ಪರದೆ. ಶಿವನಂಜಮ್ಮ ಹೊರಗೆ ಜಗಲಿಯ ಅಂಚಿನಲ್ಲಿ ಕೂತಳು. ರುದ್ರಸ್ವಾಮಿ ಗಾದಿಯ ಮೇಲೆ ಕೂತಿದ್ದ. ನಲವತ್ತರ ಆಸುಪಾಸು, ಕೆಂಪಡರಿದ ಕಣ್ಣು, ಹಣೆಯ ತುಂಬ ವಿಭೂತಿ. ತೊಡೆಯ ಪಕ್ಕದಲ್ಲಿ ಎಣ್ಣೆ ಕುಡಿದು ಕಪ್ಪಾದ ಬಟ್ಟೆಯ ಮುದ್ದೆ ಇತ್ತು. ಅಣ್ಣನನ್ನು ಕಳೆದುಕೊಂಡವನ ಎದುರು ಹೀಗೆ ಕೂರುವುದು ನನಗೂ ಹಿತವಾಗಿರಲಿಲ್ಲ.

“ಹೇಳೋದೆಲ್ಲ ನಿನ್ನೇನೇ ಹೇಳಿದ್ದೀನಿ” ಅಂದ.

“ಇನ್ನೊಂದ್ಸಲ ಹೇಳಿ. ಮೊದಲು ಸ್ವಲ್ಪ ನೀರು ಕೊಡ್ತೀರಾ?”

ಮೂಲೆಯಲ್ಲಿದ್ದ ಚೊಂಬು ಕೊಟ್ಟ. ಎತ್ತಿ ಕುಡಿದೆ, ಬೇಕೆಂತಲೇ ಕೈ ಮೇಲೆ ಸುರಿದುಕೊಂಡೆ. ರಾಶಿಯಿಂದ ಒಂದು ಹೊಸ ಕುಡುಗೋಲನ್ನು ಎತ್ತಿ, ಒದ್ದೆ ಬೆರಳಲ್ಲಿ ಅದರ ಅಲಗನ್ನು ಉದ್ದಕ್ಕೂ ಸವರಿ, ಅವನ ಮುಂದೆ ಇಟ್ಟೆ.

“ಶನಿವಾರ ಎಲ್ಲಿದ್ರಿ?”

“ನಂಜನಗೂಡಲ್ಲಿ. ಮಧ್ಯಾಹ್ನದ ಬಸ್ಸಿಗೆ ಹೋದೆ, ರಾತ್ರಿ ಅಲ್ಲೇ ಉಳ್ಕೊಂಡೆ. ಭಾನುವಾರ ಮೊದಲ್ನೇ ಬಸ್ಸಿಗೆ ಬಂದೆ.”

“ಬೀರಯ್ಯ ಫೋನ್ ಮಾಡೋಕೆ ಓಡಿದ್ನಲ್ಲ, ಆವಾಗ ನೀವೇನ್ ಮಾಡ್ತಿದ್ರಿ?”

“ಏನ್ ಮಾಡ್ಲಿ? ಅಣ್ಣನ ಕಾಲು ಹಿಡ್ಕೊಂಡು ಕೂತಿದ್ದೆ.” ಅವನ ಕಣ್ಣು ಕುಡುಗೋಲಿನ ಮೇಲೆ ಬಿತ್ತು, ಮತ್ತೆ ನನ್ನ ಮೇಲೆ.

“ಬಾನೆಟ್ ಹತ್ರ ಹೋಗ್ಲಿಲ್ವಾ?”

“ನಾನ್ಯಾಕ್ರೀ ಹೋಗ್ಲಿ? ಅಣ್ಣ ಅಲ್ಲಿ ಸತ್ತು ಬಿದ್ದಿದ್ರೆ ನಾನು ಗಾಡಿ ಮೂತಿ ನೋಡ್ತಾ ನಿಂತ್ಕೋತೀನಾ?”

“ಏನನ್ನೂ ಮುಟ್ಲಿಲ್ಲ?”

“ಮುಟ್ಲಿಲ್ಲ. ಎಷ್ಟ್ ಸಲ ಹೇಳ್ಬೇಕು? ಒರೆಸ್ಲೂ ಇಲ್ಲ, ಮುಟ್ಲೂ ಇಲ್ಲ...”

ಒರೆಸುವ ಮಾತನ್ನು ನಾನು ಎತ್ತಿರಲಿಲ್ಲ. ಆದರೆ ನನಗೆ ಅದೂ ಬೇಕಿರಲಿಲ್ಲ. ಮಾತಾಡುತ್ತಿರುವಾಗಲೇ ಅವನ ಬಲಗೈ ಬಟ್ಟೆಯ ಮುದ್ದೆಯನ್ನು ಎತ್ತಿಕೊಂಡಿತ್ತು. ಎಡಗೈ ಕುಡುಗೋಲಿನ ಹಿಡಿಯನ್ನು ಹಿಡಿದಿತ್ತು. ನನ್ನ ಒದ್ದೆ ಬೆರಳು ಹಾದುಹೋದ ಜಾಗವನ್ನು ಬಟ್ಟೆ ಒತ್ತಿ ಒರೆಸಿತು, ಒಮ್ಮೆ, ಎರಡನೇ ಸಲ. ಕುಡುಗೋಲು ಮತ್ತೆ ರಾಶಿಗೆ ಸೇರಿತು. ಇಷ್ಟೂ ಆಗುವಾಗ ಅವನು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದ.

“ಈಗೇನ್ ಮಾಡಿದ್ರಿ ರುದ್ರಸ್ವಾಮಿ?”

“ಏನ್ ಮಾಡ್ದೆ?”

“ಕೈ ನೋಡ್ಕೊಳ್ಳಿ.”

ಅವನು ತನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಹುಟ್ಟಿದಾಗಿನಿಂದ ಕಬ್ಬಿಣದ ಮೇಲೆ ಒದ್ದೆ ಕಂಡರೆ, ಯಾವಾಗಲೂ ಜೊತೆಗಿಟ್ಟುಕೊಳ್ಳುವ ಎಣ್ಣೆ ಬಟ್ಟೆಯಲ್ಲಿ ಒರೆಸಿ ಬೆಳೆದ ಕೈ ಅದು. ಬೇರೆ ಯಾರಾದರೂ ಆಗಿದ್ದರೆ ಕರವಸ್ತ್ರದಲ್ಲಿ ಒರೆಸುತ್ತಿದ್ದರು, ತಗಡೆಲ್ಲ ಸಮನಾಗಿ ಕಂದಾಗುತ್ತಿತ್ತು, ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

“ಬಾನೆಟ್ ಮೇಲೂ ಇದನ್ನೇ ಮಾಡಿದ್ರಿ. ಮೂರು ಗೆರೆ ವಿಭೂತಿ ಇತ್ತು. ಒರೆಸಿದ್ರಿ. ಹೌದೋ ಅಲ್ವೋ?”

ಅವನು ಬಟ್ಟೆಯ ಮುದ್ದೆಯನ್ನು ತೊಡೆಯ ಪಕ್ಕಕ್ಕೆ ಇಟ್ಟ. ಬೀದಿಯಲ್ಲಿ ತರಕಾರಿ ಗಾಡಿಯವನೊಬ್ಬ ಕೂಗಿಕೊಂಡು ಹೋದ.

“ಹೌದು” ಅಂದ ಕೊನೆಗೆ. “ಒರೆಸ್ದೆ.”

ಸಾಗರ್ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಮೆಚ್ಚುಗೆ ಇತ್ತು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹಿಗ್ಗಾಯಿತು. ಶನಿವಾರ ಸಂಜೆಯ ನಂತರ ಶೆಡ್ಡಿಗೆ ಬೇರೆಯವರು ಬಂದಿದ್ದರು ಎಂಬುದು ಗೊತ್ತಾಯಿತಲ್ಲ, ಬೀರಯ್ಯ ಉಳಿದುಕೊಂಡ ಅನ್ನಿಸಿತು.

“ಯಾಕೆ ಒರೆಸಿದ್ರಿ? ನೀವೇ ಹಚ್ಚಿದ್ರಾ?”

“ಅಲ್ಲ.”

ಅದು ನಿಜವೆಂದು ನನಗೂ ಗೊತ್ತಿತ್ತು. ಅವನ ಕೈಗಳನ್ನು ಆಗಲೇ ನೋಡಿದ್ದೆ. ಹತ್ತೂ ಬೆರಳು ನೆಟ್ಟಗಿದ್ದವು. ಆ ಮೂರನೇ ಗೆರೆ ಅರ್ಧಕ್ಕೇ ಕಡಿದದ್ದು ನೆಟ್ಟಗಿರುವ ಬೆರಳಿನಿಂದ ಅಲ್ಲ.

“ಹಾಗಾದ್ರೆ ಯಾರು?”

ರುದ್ರಸ್ವಾಮಿ ತಲೆ ತಗ್ಗಿಸಿದ. “ಕೊಲ್ಲಿ ಬೇಕಾದ್ರೆ. ಹೇಳಲ್ಲ.”

“ರುದ್ರಪ್ಪ, ಸಾಕು ಬಿಡು.”

ಪರದೆ ಸರಿಯಿತು. ಬಾಗಿಲ ಚೌಕಟ್ಟನ್ನು ಹಿಡಿದು ಸಿದ್ದಲಿಂಗಸ್ವಾಮಿಯ ಹೆಂಡತಿ ಗಿರಿಜಾಂಬಾ ನಿಂತಿದ್ದರು. ಅತ್ತು ಅತ್ತು ದನಿ ಕಟ್ಟಿತ್ತು. ಚೌಕಟ್ಟಿನ ಮೇಲಿದ್ದ ಅವರ ಬಲಗೈ ಕಡೆ ನನ್ನ ಕಣ್ಣು ಹೋಯಿತು. ಉಂಗುರದ ಬೆರಳು ನಡುಗಂಟಿನಲ್ಲಿ ಮಡಿಸಿಕೊಂಡು, ಮರಕ್ಕೆ ತಾಗದೆ ನಿಂತಿತ್ತು.

“ಅತ್ಗೆ, ಒಳಗೆ ಹೋಗಿ” ಎಂದು ರುದ್ರಸ್ವಾಮಿ ಎದ್ದ.

“ಎರಡು ದಿನದಿಂದ ನನ್ನ ಬಾಯಿ ಕಟ್ಟಿ ಕೂರಿಸಿದ್ದೀಯಲ್ಲ, ನಾನೇನ್ ಕೊಲೆ ಮಾಡಿದ್ದೀನಾ?” ಗಿರಿಜಾಂಬಾ ನನ್ನ ಕಡೆ ತಿರುಗಿದರು. “ವಿಭೂತಿ ಹಚ್ಚಿದ್ದು ನಾನು. ಈ ಮನೆಗೆ ಬಂದ ಹೊಸ ಕಬ್ಬಿಣಕ್ಕೆ ಎಣ್ಣೆಗಿಂತ ಮೊದಲು ವಿಭೂತಿ. ಹಚ್ಚೋಳು ಹಿರಿಸೊಸೆ. ನಮ್ಮತ್ತೆ ಕಾಲದಿಂದ ಹಂಗೇ. ಬಣ್ಣ ಬಳಿದ್ಮೇಲೆ ಹಚ್ಚಿ ಏನ್ ಬಂತು ಅಂತ ಯಜಮಾನ್ರೇ ಶನಿವಾರ ಸಂಜೆ ಕರ್ಕೊಂಡು ಹೋದ್ರು.”

“ಬರ್ಕೊಳ್ಳಿ ಸಾಗರ್” ಅಂದೆ. ಅವರು ಬರೆಯತೊಡಗಿದರು. “ಎಷ್ಟೊತ್ತಿಗೆ ತಾಯಿ?”

“ಏಳು ಗಂಟೆ ಇರ್ಬೇಕು. ಏಳೂವರೆಗೆ ನನ್ನನ್ನ ಆಟೋ ಹತ್ತಿಸಿ ಕಳಿಸಿದ್ರು. ತಳಕ್ಕೆ ಡಾಂಬರು ಬಳಿಯೋದ್ರೊಳಗೆ ಚಾಸಿ ಒಂದ್ಸಲ ಕಣ್ಣಾರೆ ನೋಡ್ಬೇಕು, ಆಮೇಲೆ ಹಿನಕಲ್ ತೋಟಕ್ಕೆ ಹೋಗಿ ಮಲಗ್ತೀನಿ ಅಂದ್ರು. ಬೆಳಿಗ್ಗೆ ಬರ್ಲಿಲ್ಲ.” “ಆ ಸಂಜೆ ನಾನೂ ಶೆಡ್ಡಲ್ಲಿ ಇದ್ದೆ ಅಂತ ಗೊತ್ತಾದ್ರೆ ಸ್ಟೇಷನ್ನಿಗೆ ಎಳೀತಾರೆ ಅಂತ ರುದ್ರಪ್ಪ ಹೆದರಿದ. ಗೆರೆ ನೋಡಿದ್ ಕೂಡ್ಲೇ ನನ್ನ ಬೆರಳು ಗುರ್ತು ಹಿಡಿದಿದ್ದಾನೆ.”

“ನೀವು ಹೊರಟಾಗ ಅವರು ಶೆಡ್ಡಲ್ಲಿ ಒಬ್ಬರೇ ಇದ್ರಾ?”

“ಒಬ್ಬರೇ ಯಾಕಿರ್ತಾರೆ?” ಗಿರಿಜಾಂಬಾ ನನ್ನನ್ನು ವಿಚಿತ್ರವಾಗಿ ನೋಡಿದರು. “ಬೀರಯ್ಯ ಇದ್ನಲ್ಲ. ಬೀಗ ತೆಗೆದಿದ್ದೇ ಅವನು. ಮುಟ್ಬೇಡಿ ಅಂತ ಮೊದಲು ರೇಗ್ದ. ಆಮೇಲೆ, ಹಚ್ಚಿ ತಾಯಿ, ನಾಳೆ ಇನ್ನೊಂದ್ಸಲ ಉಜ್ಕೋತೀನಿ ಅಂದ. ನಾನು ಹೊರಟಾಗ ಗಾಡಿ ಪಕ್ಕ ಇವರ ಜೊತೆ ನಿಂತಿದ್ದೋನು ಅವನೊಬ್ಬನೇ.”

ಸಾಗರ್ ಅವರ ಪೆನ್ನು ನಿಂತಿತು.

ಲಾಕಪ್ಪಿನ ಕಂಬಿ ಹಿಡಿದು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಆರು ಗಂಟೆಗೆ ಬೀಗ ಹಾಕಿ ಮನೆಗೆ ಹೋದೆ ಎಂದು ಹೇಳಿದ್ದ ಬೀರಯ್ಯ. ಇಪ್ಪತ್ತು ವರ್ಷ ನನಗೆ ಒಂದು ಸುಳ್ಳೂ ಹೇಳದ ಬೀರಯ್ಯ. ಅವನನ್ನು ಬಿಡಿಸುತ್ತೇನೆಂದು ಬೀಗಿ, ಪೊಲೀಸರನ್ನೇ ಜೊತೆಗೆ ಕರೆತಂದು, ಅವನ ಕೊರಳಿಗೆ ನಾನೇ ಹಗ್ಗ ಹೆಣೆದಿದ್ದೆ.

“ಇದನ್ನೂ ಬರ್ಕೊಳ್ಲಾ ಸಾರ್?” ಸಾಗರ್ ಮೆಲ್ಲನೆ ಕೇಳಿದರು. ಕೇಳಬೇಕಾದ ಅಗತ್ಯ ಅವರಿಗಿರಲಿಲ್ಲ. ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಅದು.

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ದನಿ ಬಂತು.

“ಬರ್ಕಳಿ ಸಾಮಿ. ನಂದೂ ಬರ್ಕಳಿ.”

ಶಿವನಂಜಮ್ಮ ತೆಗೆದ ಹಲಗೆಯ ಸಂದಿಯಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿನ ತುದಿ ಮುದ್ದೆಯಾಗಿ ಅವಳ ಮುಷ್ಟಿಯೊಳಗಿತ್ತು.

“ಆರೂವರೆಗೆ ಬಂದ್ರು ಅಂತ ನಿಮಗೆ ಸುಳ್ಳು ಹೇಳ್ದೆ. ಅವರೇ ಅಂಗ್ ಹೇಳು ಅಂದಿದ್ರು. ಅವರು ಮನೆಗೆ ಬಂದಾಗ ಒಂಬತ್ತೂವರೆ ಆಗಿತ್ತು. ಅನ್ನ ಮುಟ್ಲಿಲ್ಲ, ಗೋಡೆ ಕಡೆ ತಿರುಗಿ ಕೂತ್ಕಂಡ್ರು.” ಅವಳು ಗಿರಿಜಾಂಬಾ ಅವರನ್ನು ನೋಡಿ ಕೈ ಮುಗಿದಳು. “ಆದ್ರೆ ಅವ್ವಾ, ನನ್ನ ಗಂಡ ಜೀವ ತೆಗೆಯೋ ಆಸಾಮಿ ಅಲ್ಲ. ಅವತ್ತು ಅವರ ಮೈಮೇಲಿದ್ದ ಅಂಗಿನೇ ಅವರದಲ್ಲ. ಯಾರದು ಅಂತ ಕೇಳಿದ್ರೆ ಬಾಯಿ ಬಿಡ್ಲಿಲ್ಲ. ಒಗೆದು ಮಡಚಿ ಇಟ್ಟಿವ್ನಿ.”

“ಎಂಥಾ ಅಂಗಿ?” ಕೇಳಿದ್ದು ನಾನಲ್ಲ, ಗಿರಿಜಾಂಬಾ.

“ತಿಳಿ ನೀಲಿದು ಅವ್ವಾ. ಜೇಬಿನ ಮೂಲೇಲಿ ಬಿಳೀ ದಾರದಲ್ಲಿ ಹರಕು ಹೊಲಿದದೆ.”

ಗಿರಿಜಾಂಬಾ ಚೌಕಟ್ಟಿನಿಂದ ಕೈ ತೆಗೆದರು. ರುದ್ರಸ್ವಾಮಿ ಅಂಗಡಿಯ ತೆರೆದ ಸಂದಿಯನ್ನೇ ನೋಡುತ್ತಿದ್ದ, ಆದರೆ ಅಲ್ಲಿ ಶಿವನಂಜಮ್ಮ ಅಡ್ಡ ನಿಂತಿದ್ದಳು. ಅವನ ಅತ್ತಿಗೆ ಒಂದೊಂದೇ ಹೆಜ್ಜೆ ಇಟ್ಟು ಅವನೆದುರು ಬಂದರು.

“ಆ ಹರಕು ಹೊಲಿದಿದ್ದು ನಾನು” ಅಂದರು. “ರುದ್ರಪ್ಪ, ಶನಿವಾರ ನೀನು ನಂಜನಗೂಡಿಗೆ ಹಾಕ್ಕೊಂಡು ಹೋದ ಅಂಗಿ ಎಲ್ಲಿ?”